ಎಡವಿದ ಬೆರಳಿನಿಂದ ಮೆದುಳಿನವರೆಗೆ: ಸ್ಪರ್ಶ, ನೋವು, ಜೋಮು ಬಗ್ಗೆ ನರರೋಗ ವೈದ್ಯರ ಜೊತೆ ಪ್ರಶ್ನೋತ್ತರ

ವೈದ್ಯೆ: ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ನರರೋಗ ವೈದ್ಯೆ. ಈ ವಾರ ನರಗಳ ಬಗ್ಗೆ ಬರುವ ಪ್ರಶ್ನೆಗಳಿಗೆ ಉತ್ತರ ಕೊಡ್ತೀರಾ ಅಂತ ಅಡ್ಮಿನ್ ಕೇಳಿದರು, ಖುಷಿಯಿಂದ ಒಪ್ಪಿದೆ. ಮೈಗೆ ಏನಾದರೂ ತಾಗಿದರೆ, ಚುಚ್ಚಿದರೆ, ಸುಟ್ಟರೆ ಅದು ಮೆದುಳಿಗೆ ಹೇಗೆ ತಿಳಿಯುತ್ತದೆ? ತಿಳಿಯದೆ ಹೋದರೆ ಏನಾಗುತ್ತದೆ? ಈ ಎರಡನೇ ಪ್ರಶ್ನೆ ನನಗೆ ಜಾಸ್ತಿ ಮುಖ್ಯ. ನೋವು ಇರುವವರು ಹೇಗೋ ಡಾಕ್ಟರ ಹತ್ತಿರ ಬರುತ್ತಾರೆ. ನೋವೇ ಗೊತ್ತಾಗದವರು ಬರುವಷ್ಟರಲ್ಲಿ ತುಂಬಾ ತಡ ಆಗಿರುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಯಾರಿಗೂ ಮಾತ್ರೆ ಬರೆದುಕೊಡುವುದಿಲ್ಲ. ನೋಡದೆ ಮುಟ್ಟದೆ ನರದ ಕಾಯಿಲೆಗೆ ಔಷಧಿ ಹೇಳುವುದು ಸರಿಯಲ್ಲ. ಉಳಿದಂತೆ ಏನು ಬೇಕಾದರೂ ಕೇಳಿ.

ಪ್ರಶ್ನೆ (ಹಾಸನ, ಶಾಲಾ ಶಿಕ್ಷಕಿ): ಮೇಡಂ, ಮೊನ್ನೆ ರಾತ್ರಿ ಕತ್ತಲಲ್ಲಿ ಹೊಸಿಲು ಎಡವಿದೆ. ಮೊದಲು ಚುರ್ ಅಂತ ಒಂದು ನೋವು. ಅದು ಇಳಿಯಿತು ಅನ್ನುವಷ್ಟರಲ್ಲಿ ಇನ್ನೊಂದು, ಒಳಗಿಂದ ಸಿಡಿಯುವಂಥ ನೋವು ಶುರು. ಪೆಟ್ಟು ಬಿದ್ದಿದ್ದು ಒಂದೇ ಸಲ, ನೋವು ಯಾಕೆ ಎರಡು ಸಲ? ಮಕ್ಕಳಿಗೂ ಹೇಳಬೇಕು, ಸ್ವಲ್ಪ ಬಿಡಿಸಿ ಹೇಳಿ.

ವೈದ್ಯೆ: ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ಅವು ನಿಜವಾಗಿಯೂ ಎರಡು ನೋವು. ಒಟ್ಟಿಗೆ ಹೊರಟವು, ಬೇರೆ ಬೇರೆ ಹೊತ್ತಿಗೆ ತಲುಪಿದವು.

ಕಾಲಿನ ನರ ಅಂದರೆ ಒಂದೇ ಎಳೆ ಅಲ್ಲ. ಅದರೊಳಗೆ ಸಾವಿರಾರು ಸಣ್ಣ ತಂತುಗಳಿವೆ, ಒಂದೊಂದಕ್ಕೂ ಅದರದ್ದೇ ಕೆಲಸ. ದಪ್ಪ ತಂತುಗಳ ಸುತ್ತ ಮೈಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ. ಮೃದುವಾಗಿ ಮುಟ್ಟಿದ್ದು, ಒತ್ತಿದ್ದು, ಕಂಪನ, ಇವನ್ನೆಲ್ಲ ತರುವುದು ಇವೇ. ಹೆಸರು ಎ-ಬೀಟಾ, ವೇಗ ಸೆಕೆಂಡಿಗೆ ಸುಮಾರು 35ರಿಂದ 75 ಮೀಟರ್. ಎರಡನೇ ಬಗೆ ಎ-ಡೆಲ್ಟಾ. ಇವು ಸಣ್ಣವು, ಮೈಲಿನ್ ಕೂಡ ತೆಳು, ವೇಗ ಸೆಕೆಂಡಿಗೆ 5ರಿಂದ 30 ಮೀಟರ್. ನಿಮ್ಮ ಮೊದಲ ಚುರ್ ಇದರದ್ದು. ಮೂರನೆಯದು ಸಿ ತಂತು. ತೀರಾ ಸಣ್ಣದು, ಮೈಲಿನ್ ಇಲ್ಲ, ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್ ಅಷ್ಟೇ. ಉರಿ, ಸಿಡಿತ, ತುರಿಕೆ, ಬಿಸಿ ಇದರ ಪಾಲು.

ಈಗ ಲೆಕ್ಕ ಹಾಕಿ. ಕಾಲ್ಬೆರಳಿನಿಂದ ಬೆನ್ನುಹುರಿಗೆ ಸುಮಾರು ಒಂದು ಮೀಟರ್. ಎ-ಡೆಲ್ಟಾಗೆ ಒಂದು ಸೆಕೆಂಡಿನ ಸಣ್ಣ ಭಾಗ ಸಾಕು. ಸಿ ತಂತುವಿಗೆ ಅರ್ಧದಿಂದ ಎರಡು ಸೆಕೆಂಡ್ ಬೇಕು. ಆ ನಡುವಿನ ಬಿಡುವೇ ನಿಮಗೆ ‘ಇಳಿಯಿತು’ ಅನ್ನಿಸಿದ್ದು. ಮೂಗಿಗೆ ಪೆಟ್ಟಾದರೆ ಈ ಬಿಡುವು ಗೊತ್ತೇ ಆಗುವುದಿಲ್ಲ, ದಾರಿ ಅಷ್ಟು ಚಿಕ್ಕದು.

ಮಕ್ಕಳಿಗೆ ಇನ್ನೊಂದು ಹೇಳಿ. ತಂತುವಿನಲ್ಲಿ ಕರೆಂಟ್ ವೈರಿನಲ್ಲಿ ಹರಿದ ಹಾಗೆ ಹರಿಯುವುದಿಲ್ಲ. ತಂತುವಿನ ಗೋಡೆಯಲ್ಲಿ ಸಣ್ಣ ಬಾಗಿಲುಗಳಿವೆ. ಬಾಗಿಲು ತೆರೆದಾಗ ಹೊರಗಿನ ಸೋಡಿಯಂ ಒಳಗೆ ನುಗ್ಗುತ್ತದೆ. ಅದು ಪಕ್ಕದ ಬಾಗಿಲನ್ನು ತೆರೆಸುತ್ತದೆ, ಅದು ಅದರ ಪಕ್ಕದ್ದನ್ನು. ಮೈಲಿನ್ ಇದ್ದ ಕಡೆ ಈ ಕೆಲಸ ಅಲ್ಲಲ್ಲಿ ಬಿಟ್ಟ ಸಂದುಗಳಲ್ಲಿ ಮಾತ್ರ ನಡೆಯುತ್ತದೆ. ಸಂದಿನಿಂದ ಸಂದಿಗೆ ಹಾರುವುದರಿಂದ ವೇಗ ಬರುತ್ತದೆ. ಹಲ್ಲು ಕೀಳುವಾಗ ಕೊಡುವ ಮರಗಟ್ಟುವ ಇಂಜೆಕ್ಷನ್ ಇದೆಯಲ್ಲ, ಲಿಗ್ನೊಕೇನ್, ಅದು ಈ ಸೋಡಿಯಂ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಹಲ್ಲಿಗೆ ಪೆಟ್ಟು ಆಗುತ್ತಲೇ ಇರುತ್ತದೆ, ಸುದ್ದಿ ಹೊರಡುವುದಿಲ್ಲ.

ಹಾಸನದ ಶಿಕ್ಷಕಿ: ಬಿಸಿ ಪಾತ್ರೆ ಮುಟ್ಟಿದಾಗ ಕೈ ತಾನೇ ಹಿಂದೆ ಬರುತ್ತೆ. ಅದು ನೋವಿನಿಂದಲೇ ಅಲ್ವಾ?

ವೈದ್ಯೆ: ನೋವು ಗೊತ್ತಾಗುವ ಮೊದಲೇ ಕೈ ಬಂದಿರುತ್ತದೆ. ಆ ತೀರ್ಮಾನ ಬೆನ್ನುಹುರಿಯಲ್ಲೇ ಆಗುತ್ತದೆ. ಮೆದುಳಿಗೆ ಸುದ್ದಿ ಮುಟ್ಟುವುದು ಆಮೇಲೆ.

ಪ್ರಶ್ನೆ (ಶಿರಸಿ, ಗೃಹಿಣಿ): ಮಕ್ಕಳು ಬಿದ್ದಾಗ ಏಟಾದ ಜಾಗ ಉಜ್ಜುತ್ತೇವೆ, ಉಫ್ ಅಂತ ಊದುತ್ತೇವೆ. ಇದರಿಂದ ನಿಜವಾಗ್ಲೂ ನೋವು ಕಡಿಮೆ ಆಗುತ್ತಾ, ಅಥವಾ ಸುಮ್ನೆ ಸಮಾಧಾನಕ್ಕಾ?

ವೈದ್ಯೆ: ನಿಜವಾಗಿಯೂ ಕಡಿಮೆ ಆಗುತ್ತದೆ. ಎಲ್ಲ ಅಮ್ಮಂದಿರಿಗೂ ಗೊತ್ತಿದ್ದ ಈ ವಿಷಯಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನುವ ವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು. ಅದನ್ನು ಗೇಟ್ ಕಂಟ್ರೋಲ್ ಸಿದ್ಧಾಂತ ಅಂತಾರೆ. ನೋವಿನ ತಂತು ಬೆನ್ನುಹುರಿಯ ಹಿಂಭಾಗಕ್ಕೆ ಬಂದು ಅಲ್ಲಿ ಇನ್ನೊಂದು ನರಕೋಶಕ್ಕೆ ಸುದ್ದಿ ದಾಟಿಸಬೇಕು. ಅದೇ ಜಾಗದಿಂದ ಬರುವ ಸ್ಪರ್ಶದ ದಪ್ಪ ತಂತುಗಳು ಅಲ್ಲಿರುವ ಸಣ್ಣ ತಡೆಕೋಶಗಳನ್ನು ಎಬ್ಬಿಸುತ್ತವೆ. ಈ ತಡೆಕೋಶಗಳು ನೋವನ್ನು ಮುಂದೆ ದಾಟಲು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನೀವು ಉಜ್ಜಿದಾಗ ಎಬ್ಬಿಸುವುದು ಇವುಗಳನ್ನೇ. ಸಿದ್ಧಾಂತದ ಕೆಲವು ವಿವರಗಳು ಆಮೇಲೆ ಬದಲಾದವು, ಆದರೆ ಬೆನ್ನುಹುರಿಯಲ್ಲಿ ನೋವನ್ನು ಹೆಚ್ಚು ಕಡಿಮೆ ಮಾಡುವ ಜಾಗ ಇದೆ ಅನ್ನುವ ಮೂಲ ಮಾತು ನಿಂತಿದೆ. ಫಿಸಿಯೋಥೆರಪಿಯಲ್ಲಿ ಕರೆಂಟ್ ಪ್ಯಾಡ್ ಅಂಟಿಸುತ್ತಾರಲ್ಲ, ಟೆನ್ಸ್ ಅಂತ, ಅದು ಹುಟ್ಟಿದ್ದೂ ಇದೇ ಯೋಚನೆಯಿಂದ.

ಊದುವುದರಲ್ಲಿ ತಂಪು ಇದೆ, ಸ್ಪರ್ಶ ಇದೆ, ಜೊತೆಗೆ ಮಗುವಿನ ಗಮನ ಬೇರೆ ಕಡೆ ಹೋಗುತ್ತದೆ. ಗಮನಕ್ಕೂ ನೋವಿಗೂ ಗಟ್ಟಿ ನಂಟಿದೆ. ಆದರೆ ತೆರೆದ ಗಾಯಕ್ಕೆ ಬಾಯಿಂದ ಊದಬೇಡಿ. ತೊಳೆದು ಸ್ವಚ್ಛ ಬಟ್ಟೆ ಕಟ್ಟಿ.

ಪ್ರಶ್ನೆ (ಹುಬ್ಬಳ್ಳಿ, ನರ್ಸಿಂಗ್ ವಿದ್ಯಾರ್ಥಿ): ಮೇಡಂ, ಸ್ಪರ್ಶದ ದಾರಿ ಬೇರೆ, ನೋವಿನ ದಾರಿ ಬೇರೆ ಅಂತ ಕ್ಲಾಸಲ್ಲಿ ಹೇಳ್ತಾರೆ. ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ. ಎರಡೂ ಕೊನೆಗೆ ಮೆದುಳಿಗೇ ಹೋಗೋದಾದ್ರೆ ಎರಡು ದಾರಿ ಯಾಕೆ?

ವೈದ್ಯೆ: ಪುಸ್ತಕದ ಚಿತ್ರ ಬದಿಗಿಡಪ್ಪ. ನಿನ್ನ ಬಲಗಾಲಿನ ಹೆಬ್ಬೆರಳನ್ನು ನೋಡುತ್ತಾ ಓದು.

ಹೆಬ್ಬೆರಳಿನ ಸ್ಪರ್ಶದ ತಂತುವಿನ ಕೋಶ ಇರುವುದು ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ. ಅದನ್ನು ಡಾರ್ಸಲ್ ರೂಟ್ ಗ್ಯಾಂಗ್ಲಿಯಾನ್ ಅಂತೀವಿ. ಅಲ್ಲಿಂದ ಒಂದು ಕೊನೆ ಬೆರಳಿಗೆ, ಇನ್ನೊಂದು ಕೊನೆ ಬೆನ್ನುಹುರಿಯ ಹಿಂಭಾಗದಲ್ಲಿ ಮೇಲೇರಿ ಕುತ್ತಿಗೆ ದಾಟಿ, ಮೆದುಳುಕಾಂಡದ ಕೆಳಭಾಗವಾದ ಮೆಡುಲ್ಲಾವರೆಗೆ. ಎಲ್ಲೂ ಕೈ ಬದಲಾಗುವುದಿಲ್ಲ. ಕಾಲ್ಬೆರಳಿನಿಂದ ತಲೆಯ ಬುಡದವರೆಗೆ ಒಂದೇ ಕೋಶ. ನಮ್ಮ ಮೈಯಲ್ಲಿ ಇದಕ್ಕಿಂತ ಉದ್ದದ ಕೋಶ ಇಲ್ಲ. ಅಷ್ಟು ದೂರ ಅದು ಬಲಗಡೆಯಲ್ಲೇ ಬರುತ್ತದೆ. ಮೆಡುಲ್ಲಾದಲ್ಲಿ ಮುಂದಿನ ಕೋಶಕ್ಕೆ ದಾಟಿಸಿದ ಮೇಲೆ ಸುದ್ದಿ ಎಡಕ್ಕೆ ಹೊರಳಿ, ಮೆದುಳಿನ ನಡುವೆ ಸುದ್ದಿಗಳನ್ನು ಹಂಚುವ ಥಲಾಮಸ್ ಸೇರುತ್ತದೆ.

ನೋವು ಮತ್ತು ಬಿಸಿ-ತಣ್ಣಗಿನ ತಂತು ಹಾಗಲ್ಲ. ಅದು ಬೆನ್ನುಹುರಿಗೆ ಬಂದ ಕೂಡಲೇ ಅಲ್ಲೇ ಕೈ ಬದಲಿಸುತ್ತದೆ. ಎರಡನೇ ಕೋಶದ ತಂತು ಒಂದೆರಡು ಹಂತದೊಳಗೆ ಎಡಕ್ಕೆ ದಾಟಿ, ಎಡಗಡೆಯಲ್ಲೇ ಥಲಾಮಸ್‌ವರೆಗೆ ಏರುತ್ತದೆ. ಅದೇ ಸ್ಪೈನೋಥಲಾಮಿಕ್ ದಾರಿ. ಥಲಾಮಸ್‌ನಿಂದ ಎರಡೂ ಮೆದುಳಿನ ಹೊರಪದರಕ್ಕೆ ಹೋಗುತ್ತವೆ. ಎಲ್ಲಿ ತಾಗಿತು, ಎಷ್ಟು ತಾಗಿತು ಅನ್ನುವುದು ಒಂದು ಜಾಗದಲ್ಲಿ. ನೋವಿನ ಸಂಕಟ, ‘ಅಯ್ಯೋ ಸಾಕು’ ಅನ್ನಿಸುವುದು ಇನ್ಸುಲಾ, ಸಿಂಗ್ಯುಲೇಟ್ ಅನ್ನುವ ಬೇರೆ ಜಾಗಗಳಲ್ಲಿ.

ಈಗ ಬೆನ್ನುಹುರಿಯ ಬಲ ಅರ್ಧ ಮಾತ್ರ ಚಾಕು ಇರಿತದಲ್ಲಿ ಕತ್ತರಿಸಿದೆ ಅಂದುಕೋ. ಬಲಗಾಲಿನ ಶಕ್ತಿ ಹೋಗುತ್ತದೆ. ಬಲಗಾಲನ್ನು ನೀನು ಮೇಲೆ ಎತ್ತಿದೆಯೋ ಕೆಳಗೆ ಇಳಿಸಿದೆಯೋ ಆ ಪೇಶೆಂಟಿಗೆ ತಿಳಿಯುವುದಿಲ್ಲ, ಟ್ಯೂನಿಂಗ್ ಫೋರ್ಕ್ ಅಂದರೆ ತಟ್ಟಿದರೆ ಕಂಪಿಸುವ ಲೋಹದ ಕವೆ, ಅದರ ಕಂಪನವೂ ತಿಳಿಯುವುದಿಲ್ಲ. ಆದರೆ ಸೂಜಿ ಚುಚ್ಚಿದರೆ ಗೊತ್ತಾಗುತ್ತದೆ. ಎಡಗಾಲಿನಲ್ಲಿ ಶಕ್ತಿ ಸರಿಯಾಗಿದೆ, ಕಂಪನ ಸರಿಯಾಗಿದೆ, ಆದರೆ ಸೂಜಿ ಚುಚ್ಚಿದ ನೋವು ಇಲ್ಲ, ಬಿಸಿನೀರು ತಣ್ಣೀರು ವ್ಯತ್ಯಾಸ ಇಲ್ಲ. ಇದಕ್ಕೆ ಬ್ರೌನ್-ಸೆಕಾರ್ಡ್ ಲಕ್ಷಣ ಅಂತ ಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ತೋರಿಸಿಕೊಟ್ಟವರು ಮಾರಿಷಸ್‌ನಲ್ಲಿ ಹುಟ್ಟಿದ ಬ್ರೌನ್-ಸೆಕಾರ್ಡ್ ಅನ್ನುವ ವೈದ್ಯರು. ಪೇಶೆಂಟಿನಲ್ಲಿ ಒಮ್ಮೆ ಇದನ್ನು ಕಣ್ಣಾರೆ ನೋಡಿದರೆ ಸಾಕು, ಎರಡು ದಾರಿ ಇನ್ನು ಮರೆಯುವುದಿಲ್ಲ. ಅದಕ್ಕೇ ಹೇಳುವುದು, ಹತ್ತಿ, ಸೂಜಿ, ಫೋರ್ಕ್ ಮೂರರಲ್ಲೂ ನೋಡಬೇಕು. ಹತ್ತಿ ಸವರಿ ‘ಗೊತ್ತಾಗ್ತಿದೆ’ ಅಂದ ಮಾತ್ರಕ್ಕೆ ನರ ಸರಿ ಇದೆ ಅಂತ ಬರೆದುಬಿಡಬೇಡ.

ಮುಖದ ಕಥೆ ಬೇರೆ. ಅದು ಬೆನ್ನುಹುರಿಗೆ ಬರುವುದೇ ಇಲ್ಲ, ಟ್ರೈಜೆಮಿನಲ್ ನರದಲ್ಲಿ ನೇರ ಮೆದುಳುಕಾಂಡಕ್ಕೆ ಹೋಗುತ್ತದೆ.

ಪ್ರಶ್ನೆ (ಹಾವೇರಿ, ಮೆಣಸಿನಕಾಯಿ ವ್ಯಾಪಾರಿ): ಮೆಣಸಿನಕಾಯಿ ಬಿಸಿ ಇರಲ್ಲ. ಆದ್ರೂ ನಾಲಿಗೆ ಉರಿಯುತ್ತೆ, ಮೂಟೆ ಎತ್ತಿದ ಕೈ ರಾತ್ರಿಯೆಲ್ಲ ಉರಿಯುತ್ತೆ. ನೀರು ಹಾಕಿದ್ರೂ ಹೋಗಲ್ಲ. ಯಾಕೆ ಡಾಕ್ಟ್ರೇ?

ವೈದ್ಯೆ: ನಿಮ್ಮ ಕೈ ಸುಟ್ಟಿಲ್ಲ ಯಜಮಾನ್ರೇ, ಆದರೆ ನರಕ್ಕೆ ಸುಟ್ಟಿದೆ ಅಂತಲೇ ಅನ್ನಿಸುತ್ತಿದೆ. ನೋವಿನ ತಂತುವಿನ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಒಂದು ಬಾಗಿಲು ಇದೆ. ಸುಮಾರು 43 ಡಿಗ್ರಿಗಿಂತ ಬಿಸಿ ತಾಗಿದರೆ ಅದು ತೆರೆಯುತ್ತದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಅದೇ ಬಾಗಿಲಿಗೆ ಅಂಟಿಕೊಂಡು ಬಿಸಿಯೇ ಇಲ್ಲದೆ ತೆರೆಸುತ್ತದೆ. ಬಾಗಿಲು ತೆರೆದರೆ ಮೆದುಳಿಗೆ ಹೋಗುವ ಸುದ್ದಿ ಒಂದೇ: ಸುಡುತ್ತಿದೆ. 1997ರಲ್ಲಿ ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ ಈ ಬಾಗಿಲನ್ನು ಹುಡುಕಿದ್ದು ಮೆಣಸಿನಕಾಯಿ ಖಾರದ ಬೆನ್ನು ಹತ್ತಿಯೇ. ಪುದೀನದ ಮೆಂಥಾಲ್ ತಣ್ಣಗೆ ಅನ್ನಿಸುವುದೂ ಇದೇ ಥರ, ತಂಪಿಗೆ ತೆರೆಯುವ ಬೇರೆ ಬಾಗಿಲಿನಿಂದ. ಒತ್ತಿದಾಗ ತೆರೆಯುವ ಪೀಜೊ ಬಾಗಿಲುಗಳನ್ನು ಆರ್ಡೆಮ್ ಪಟಪೂಟಿಯನ್ ತಂಡ 2010ರಲ್ಲಿ ಕಂಡುಹಿಡಿಯಿತು. ಇಬ್ಬರಿಗೂ ಸೇರಿ 2021ರ ನೊಬೆಲ್ ಬಂತು.

ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕೈಗೆ ಮೊದಲು ಕೊಬ್ಬರಿ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಬಾಯಿಗೆ ಹಾಲು ಮೊಸರು. ಬ್ಯಾಡಗಿ ಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಗುಂಟೂರು ಕಾಯಿ ಮೂಟೆಗಾದರೂ ಗ್ಲೌಸ್ ಹಾಕಿಸಿ, ಕೆಲಸದವರಿಗೂ ಕೊಡಿಸಿ.

ಪ್ರಶ್ನೆ (ಮಂಡ್ಯ, ಕಬಡ್ಡಿ ಆಟಗಾರ): ಮ್ಯಾಚ್ ನಡೆಯುವಾಗ ಮೊಣಕಾಲು ತರಚಿ ರಕ್ತ ಬಂದಿದ್ದು ಗೊತ್ತೇ ಆಗಲಿಲ್ಲ. ಮುಗಿದ ಮೇಲೆ ಕಾಲು ಊರೋಕೂ ಆಗಲಿಲ್ಲ. ಇದೇನು?

ವೈದ್ಯೆ: ಸುದ್ದಿ ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವುದಿಲ್ಲ. ಮೆದುಳುಕಾಂಡದಿಂದ ಕೆಳಗೆ ಬರುವ ದಾರಿಗಳೂ ಇವೆ. ಅವು ಬೆನ್ನುಹುರಿಗೆ ‘ಈಗ ಬೇಡ’ ಅಂತ ಹೇಳಿ ನೋವನ್ನು ಅಲ್ಲೇ ತಗ್ಗಿಸುತ್ತವೆ. ಅದಕ್ಕೆ ನಮ್ಮ ಮೈ ತಾನೇ ಮಾಡಿಕೊಳ್ಳುವ ಎಂಡಾರ್ಫಿನ್, ಎನ್ಕೆಫಲಿನ್ ಬಳಕೆಯಾಗುತ್ತವೆ. ಇವು ಮಾರ್ಫಿನ್ ಥರದ್ದೇ ಕೆಲಸ ಮಾಡುತ್ತವೆ. ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಗಾಯಾಳು ಸೈನಿಕರನ್ನು ನೋಡಿದ ಹೆನ್ರಿ ಬೀಚರ್ ಅನ್ನುವ ವೈದ್ಯ 1946ರಲ್ಲಿ ಬರೆದರು: ದೊಡ್ಡ ಗಾಯ ಆದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ನೋವಿನ ಔಷಧಿ ಬೇಡ ಅಂದರು. ಆದ್ದರಿಂದ ಆಟದಲ್ಲಿ ನೋವಿಲ್ಲ ಅಂತ ಪೆಟ್ಟು ಸಣ್ಣದು ಅಂದುಕೊಳ್ಳಬೇಡ ತಮ್ಮಾ. ಮೊಣಕಾಲು ಊದಿಕೊಂಡಿದ್ದರೆ, ಜಾರಿದ ಹಾಗೆ ಅನ್ನಿಸಿದರೆ ಮೂಳೆ ಡಾಕ್ಟರಿಗೆ ತೋರಿಸು.

ಪ್ರತಿಕ್ರಿಯೆ (ಬೆಂಗಳೂರು): ಇಷ್ಟೆಲ್ಲ ಓದಿದ ಮೇಲೆ ನೋವೇ ಇಲ್ಲದೆ ಹುಟ್ಟಿದ್ರೆ ಎಷ್ಟು ಚೆನ್ನಾಗಿತ್ತು ಅನ್ಸುತ್ತೆ.

ವೈದ್ಯೆ: ಹಾಗೆ ಹುಟ್ಟಿದವರು ಇದ್ದಾರೆ. 2006ರಲ್ಲಿ ಪಾಕಿಸ್ತಾನದ ಉತ್ತರ ಭಾಗದ ಕೆಲವು ಕುಟುಂಬಗಳ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಎಸ್‌ಸಿಎನ್9ಎ ಅನ್ನುವ ಜೀನ್ ಕೆಟ್ಟಿದ್ದರಿಂದ ಅವರ ನೋವಿನ ತಂತುಗಳಲ್ಲಿ ಒಂದು ಬಗೆಯ ಸೋಡಿಯಂ ಬಾಗಿಲು ಕೆಲಸ ಮಾಡುತ್ತಿರಲಿಲ್ಲ. ಸ್ಪರ್ಶ ಗೊತ್ತು, ಬಿಸಿ-ತಣ್ಣಗೆ ಗೊತ್ತು, ನೋವು ಮಾತ್ರ ಗೊತ್ತಿಲ್ಲ. ಸಂಶೋಧಕರಿಗೆ ಇದರ ಸುಳಿವು ಸಿಕ್ಕಿದ್ದು ಒಬ್ಬ ಹುಡುಗನಿಂದ. ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ದುಡ್ಡು ಸಂಪಾದಿಸುತ್ತಿದ್ದ. 14 ತುಂಬುವ ಮೊದಲೇ ಮನೆಯ ಮಾಳಿಗೆಯಿಂದ ಜಿಗಿದು ತೀರಿಕೊಂಡ. ಆ ಕುಟುಂಬಗಳ ಮಕ್ಕಳಲ್ಲಿ ತುಟಿ, ನಾಲಿಗೆ ಕಚ್ಚಿಕೊಂಡ ಗಾಯಗಳಿದ್ದವು, ಮೂಳೆ ಮುರಿದದ್ದು ಎಷ್ಟೋ ದಿನ ಗೊತ್ತೇ ಆಗಿರಲಿಲ್ಲ.

ನಮ್ಮ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. ಕುಷ್ಠ ಬಂದರೆ ಬೆರಳು ಕೊಳೆತು ಉದುರುತ್ತದೆ ಅಂತ ಜನ ನಂಬಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡಿದ ಪಾಲ್ ಬ್ರಾಂಡ್ ಬೇರೆಯದನ್ನೇ ಕಂಡರು. ರೋಗಾಣು ನರವನ್ನು ಕೆಡಿಸುತ್ತದೆ. ನರ ಸತ್ತ ಮೇಲೆ ಕೈ ಸುಟ್ಟರೂ ಕೊಯ್ದರೂ ತಿಳಿಯುವುದಿಲ್ಲ. ಅದೇ ಗಾಯದ ಮೇಲೆ ಮತ್ತೆ ಮತ್ತೆ ಪೆಟ್ಟು ಬಿದ್ದು, ಸೋಂಕಾಗಿ ಬೆರಳು ಹೋಗುತ್ತದೆ. ಇವತ್ತಿಗೂ ನಾನು ಎಲ್ಲರಿಗೂ ಹೇಳುವ ಮಾತು: ಮೈಮೇಲೆ ಬಿಳಿಚಿಕೊಂಡ ಅಥವಾ ಕೆಂಪಗಿನ ಮಚ್ಚೆ ಇದ್ದು, ಅಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಮುಚ್ಚಿಡಬೇಡಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ಉಚಿತ. ಪೂರ್ತಿ ವಾಸಿಯಾಗುತ್ತದೆ. ತಡ ಮಾಡಿದರೆ ರೋಗ ಹೋಗುತ್ತದೆ, ಹೋದ ನರ ವಾಪಸ್ ಬರುವುದಿಲ್ಲ.

ಪ್ರಶ್ನೆ (ತುಮಕೂರು, ಬ್ಯಾಂಕ್ ಉದ್ಯೋಗಿ): ಮೇಡಂ, ನಮ್ಮ ತಂದೆಗೆ 68. ಶುಗರ್ ಬಂದು ಹದಿನೈದು ವರ್ಷ. ಕಳೆದ ವಾರ ದೇವಸ್ಥಾನಕ್ಕೆ ಹೋಗಿದ್ವಿ. ಮಧ್ಯಾಹ್ನದ ಬಿಸಿಲು, ಕಲ್ಲು ಕಾದಿತ್ತು. ನಾವೆಲ್ಲ ಕುಣಿಯುತ್ತಾ ಓಡಿದ್ವಿ, ಅಪ್ಪ ಮಾತ್ರ ಆರಾಮವಾಗಿ ಪ್ರದಕ್ಷಿಣೆ ಹಾಕಿದ್ರು. ‘ನಿಮಗೆಲ್ಲ ಅಭ್ಯಾಸ ಇಲ್ಲ’ ಅಂದ್ರು. ಮನೆಗೆ ಬಂದು ನೋಡಿದ್ರೆ ಎರಡೂ ಅಂಗಾಲಲ್ಲಿ ಬೊಬ್ಬೆ. ನೋವಿಲ್ಲ ಅಂತಾರೆ. ಡಾಕ್ಟರ ಹತ್ರ ಬರಲ್ಲ ಅಂತಾರೆ. ಏನು ಮಾಡ್ಲಿ?

ವೈದ್ಯೆ: ನಿಮ್ಮ ಪ್ರಶ್ನೆ ಓದಿ ಉಳಿದದ್ದೆಲ್ಲ ಪಕ್ಕಕ್ಕಿಟ್ಟು ಉತ್ತರ ಬರೆಯುತ್ತಿದ್ದೇನೆ. ಅಪ್ಪನನ್ನು ಇವತ್ತೇ ಕರೆದುಕೊಂಡು ಹೋಗಿ. ನಾಳೆ ಅಲ್ಲ.

ಸಕ್ಕರೆ ಕಾಯಿಲೆ ನರವನ್ನು ಕೆಡಿಸುವಾಗ ಉದ್ದದ ತಂತುಗಳಿಂದ ಶುರು ಮಾಡುತ್ತದೆ. ಅತಿ ಉದ್ದದ್ದು ಕಾಲ್ಬೆರಳಿಗೆ ಹೋಗುವುದು. ಅದಕ್ಕೇ ಮೊದಲು ಬೆರಳ ತುದಿ, ಆಮೇಲೆ ಪಾದ, ಆಮೇಲೆ ಕಣಕಾಲು, ಕಾಲುಚೀಲ ಹಾಕಿದಷ್ಟು ಜಾಗ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಯಲ್ಲೂ ಶುರುವಾಗುತ್ತದೆ. ಎರಡೂ ಕಡೆ ಒಂದೇ ಥರ. ಬಿಸಿ ಮತ್ತು ನೋವನ್ನು ತರುವ ಸಣ್ಣ ತಂತುಗಳು ಹೋದರೆ ಕಾದ ಕಲ್ಲು ಗೊತ್ತಾಗುವುದಿಲ್ಲ. ದಪ್ಪ ತಂತುಗಳು ಹೋದರೆ ಕಾಲು ಎಲ್ಲಿಟ್ಟೆ ಅಂತ ತಿಳಿಯುವುದಿಲ್ಲ, ಕತ್ತಲಲ್ಲಿ ತೂರಾಡುತ್ತಾರೆ. ಇದು ನಿಧಾನವಾಗಿ ಆಗುವುದರಿಂದ ಅವರಿಗೇ ಅರಿವಿರುವುದಿಲ್ಲ. ನಿಮ್ಮ ತಂದೆ ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ನೋವಿಲ್ಲ. ಭಯ ಇರುವುದು ಅದರಲ್ಲೇ.

ಈಗ ಆ ಬೊಬ್ಬೆ. ಒಡೆಯಬೇಡಿ. ಅರಿಶಿನ, ಟೂತ್‌ಪೇಸ್ಟ್, ಇಂಕ್ ಯಾವುದೂ ಹಚ್ಚಬೇಡಿ. ಸ್ವಚ್ಛವಾದ ಒಣ ಬಟ್ಟೆ ಸುತ್ತಿ, ಆದಷ್ಟು ನಡೆಸದೆ ಕರೆದುಕೊಂಡು ಹೋಗಿ. ನಮಗೆ ಅಂಗಾಲಲ್ಲಿ ಬೊಬ್ಬೆ ಬಂದರೆ ಕುಂಟುತ್ತೇವೆ, ಆ ಜಾಗಕ್ಕೆ ಭಾರ ಬೀಳದ ಹಾಗೆ ತಾನಾಗಿಯೇ ನೋಡಿಕೊಳ್ಳುತ್ತೇವೆ. ಅವರು ಕುಂಟುವುದಿಲ್ಲ. ಪೂರ್ತಿ ಭಾರ ಹಾಕಿ ಅದರ ಮೇಲೇ ನಡೆಯುತ್ತಾರೆ. ಗಾಯ ಆಳವಾಗುವುದು, ಮೂಳೆವರೆಗೆ ಹೋಗುವುದು, ಕೊನೆಗೆ ಬೆರಳೋ ಕಾಲೋ ತೆಗೆಯಬೇಕಾಗಿ ಬರುವುದು ಹೀಗೆ. ರಕ್ತದ ಓಡಾಟವೂ ಕಡಿಮೆ ಇದ್ದರೆ ಇನ್ನೂ ಬೇಗ.

ಗಾಯ ವಾಸಿಯಾದ ಮೇಲಿನ ಮಾತು ಇದು, ಶುಗರ್ ಇರುವ ಎಲ್ಲರಿಗೂ. ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಿ. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಇಲ್ಲವೇ ಮನೆಯವರು ನೋಡಲಿ. ಚಪ್ಪಲಿ ಹಾಕುವ ಮೊದಲು ಒಳಗೆ ಕೈಯಾಡಿಸಿ, ಕಲ್ಲೋ ಮೊಳೆಯೋ ಇದ್ದರೆ ಕಾಲಿಗೆ ತಿಳಿಯುವುದಿಲ್ಲ. ಬಿಸಿನೀರಿನ ಬ್ಯಾಗು ಕಾಲಿಗೆ ಇಡಲೇಬೇಡಿ. ಸ್ನಾನದ ನೀರನ್ನು ಮೊಣಕೈಯಲ್ಲಿ ಮುಟ್ಟಿ ನೋಡಿ, ಕಾಲಲ್ಲಿ ಅಲ್ಲ. ಮನೆಯೊಳಗೂ ಮೆತ್ತನೆ ಚಪ್ಪಲಿ ಬೇಕು. ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಿ, ದಪ್ಪ ಕಾಲುಚೀಲ ಹಾಕಿಕೊಳ್ಳಿ. ಭಕ್ತಿಗೆ ಅದರಿಂದ ಕಡಿಮೆಯಾಗುವುದು ಏನೂ ಇಲ್ಲ ಅಂತ ನಾನು ನಂಬುತ್ತೇನೆ, ಅಪ್ಪನಿಗೂ ಹಾಗೇ ಹೇಳಿ.

ಪ್ರಶ್ನೆ (ದಾವಣಗೆರೆ, ನಿವೃತ್ತ ಕಂಡಕ್ಟರ್): ನನ್ನದು ಉಲ್ಟಾ ಮೇಡಂ. ಶುಗರ್ ಇದೆ. ಕಾಲು ಮರಗಟ್ಟಿದೆ ಅಂತ ಡಾಕ್ಟ್ರು ಹೇಳ್ತಾರೆ. ಆದ್ರೆ ರಾತ್ರಿಯಾದ್ರೆ ಬೆಂಕಿ ಇಟ್ಟ ಹಾಗೆ ಉರಿ. ಬೆಡ್‌ಶೀಟ್ ತಾಗಿದ್ರೂ ತಡೆಯೋಕಾಗಲ್ಲ. ಮರಗಟ್ಟಿದ ಕಾಲು ಉರಿಯೋದು ಹೇಗೆ?

ವೈದ್ಯೆ: ಎರಡೂ ಒಟ್ಟಿಗೆ ಇರಬಹುದು, ಅಚ್ಚರಿ ಬೇಡ. ಹಾಳಾದ ತಂತು ಹೊರಗಿನ ಸುದ್ದಿ ತರುವುದನ್ನು ನಿಲ್ಲಿಸುತ್ತದೆ, ಅದಕ್ಕೇ ಮರಗಟ್ಟುವುದು. ಅದೇ ತಂತು ಯಾರೂ ಮುಟ್ಟದೆಯೇ ತಾನೇ ತಾನಾಗಿ ಸುದ್ದಿ ಕಳಿಸಲು ಶುರು ಮಾಡುತ್ತದೆ, ಅದಕ್ಕೇ ಉರಿ. ಇದು ಬಹಳ ದಿನ ನಡೆದರೆ ಬೆನ್ನುಹುರಿಯ ಕೋಶಗಳೂ ಸೂಕ್ಷ್ಮ ಆಗಿಬಿಡುತ್ತವೆ. ಆಗ ಸ್ಪರ್ಶದ ತಂತು ತಂದ ಸುದ್ದಿಯೂ ನೋವಾಗಿ ಕಾಣುತ್ತದೆ. ಬೆಡ್‌ಶೀಟ್ ಚುಚ್ಚುವುದು ಅದಕ್ಕೆ. ರಾತ್ರಿ ಗಮನ ಸೆಳೆಯುವ ಬೇರೆ ಕೆಲಸ ಇರುವುದಿಲ್ಲವಾದ್ದರಿಂದ ಇನ್ನೂ ಜಾಸ್ತಿ ಅನ್ನಿಸುತ್ತದೆ.

ಇದಕ್ಕೆ ಮಾಮೂಲಿ ನೋವಿನ ಮಾತ್ರೆ ಹೆಚ್ಚು ಕೆಲಸ ಮಾಡುವುದಿಲ್ಲ. ನರದ ಉರಿಗೆ ಬೇರೆ ಔಷಧಿಗಳಿವೆ: ಪ್ರಿಗಾಬಲಿನ್, ಡ್ಯುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್. ಹೆಸರು ಹೇಳಿದ್ದು ಡಾಕ್ಟರ ಜೊತೆ ಮಾತಾಡಲಿ ಅಂತ. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಗೊಳ್ಳಲು ಅಲ್ಲ. ಕಿಡ್ನಿ, ಹೃದಯ ನೋಡಿಯೇ ಡೋಸ್ ಹೇಳಬೇಕು. ಇನ್ನೊಂದು: ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಬಹಳ ವರ್ಷ ತಗೊಂಡವರಲ್ಲಿ ವಿಟಮಿನ್ ಬಿ12 ಕಡಿಮೆ ಆಗಬಹುದು. ಅದರಿಂದಲೂ ನರ ಕೆಡುತ್ತದೆ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಅಂತ ಕೇಳಿ.

ಪ್ರಶ್ನೆ (ಚಿತ್ರದುರ್ಗ): ಅತ್ತೆಗೆ ಸರ್ಪಸುತ್ತು ಆಗಿದೆ. ಬೆನ್ನಿಂದ ಎದೆವರೆಗೆ ಬಲಗಡೆ ಗುಳ್ಳೆ. ಊರಲ್ಲಿ ಕೆಮ್ಮಣ್ಣು ಹಚ್ಚಿಸಿ ಅಂತಾರೆ. ತಲೆ ಬಾಲ ಸೇರಿದ್ರೆ ಜೀವಕ್ಕೆ ಅಪಾಯ ಅಂತ ಅತ್ತೆ ತುಂಬಾ ಹೆದರಿದ್ದಾರೆ.

ವೈದ್ಯೆ: ಅವರ ಪಕ್ಕ ಕೂತು ಇದನ್ನು ಓದಿ ಹೇಳಿ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ಬೆನ್ನುಹುರಿ ಪಕ್ಕದ ನರಗಂಟಿನಲ್ಲಿ ವರ್ಷಾನುಗಟ್ಟಲೆ ಮಲಗಿರುತ್ತದೆ. ವಯಸ್ಸಾಗಿ ರೋಗ ತಡೆಯುವ ಶಕ್ತಿ ಕಡಿಮೆಯಾದಾಗ ಎದ್ದು, ಆ ಒಂದು ನರದ ಉದ್ದಕ್ಕೂ ಚರ್ಮಕ್ಕೆ ಬರುತ್ತದೆ. ಬಲಗಡೆಯ ನರ ಬಲ ಅರ್ಧವನ್ನು ಮಾತ್ರ ನೋಡಿಕೊಳ್ಳುತ್ತದೆ. ಅದಕ್ಕೇ ಗುಳ್ಳೆ ಎದೆಯ ನಡುಗೆರೆಯಲ್ಲಿ ನಿಲ್ಲುತ್ತದೆ. ಅಪರೂಪಕ್ಕೆ ಎರಡೂ ಕಡೆ ಬಂದರೂ ತಲೆ ಬಾಲ ಸೇರಿ ಜೀವ ಹೋಗುವುದು ಅನ್ನುವ ಮಾತಿಲ್ಲ.

ಆದರೆ ಹೊತ್ತು ಮುಖ್ಯ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ಔಷಧಿ ಶುರು ಮಾಡಿದರೆ ಒಳ್ಳೆಯದು. ಮಣ್ಣು ಹಚ್ಚಿ ಕಾಯುತ್ತಾ ಕೂತರೆ ಆ ಹೊತ್ತು ಹೋಗುತ್ತದೆ, ಗುಳ್ಳೆಗೆ ಸೋಂಕೂ ಆಗಬಹುದು. ಕೆಲವರಿಗೆ ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಉರಿ ಉಳಿಯುತ್ತದೆ. ಹಣೆ, ಕಣ್ಣಿನ ಹತ್ತಿರ ಬಂದರೆ ಅದೇ ದಿನ ಕಣ್ಣಿನ ಡಾಕ್ಟರಿಗೂ ತೋರಿಸಬೇಕು. 50 ದಾಟಿದವರಿಗೆ ಲಸಿಕೆ ಇದೆ.

ಪ್ರಶ್ನೆ (ಉಡುಪಿ): ಹಾರ್ಟ್ ಅಟ್ಯಾಕ್ ಆದ್ರೆ ಎಡಗೈ ಯಾಕೆ ನೋಯುತ್ತೆ?

ವೈದ್ಯೆ: ಹೃದಯದ ನೋವಿನ ತಂತುಗಳೂ ಎಡಗೈ ಒಳಭಾಗದ ತಂತುಗಳೂ ಬೆನ್ನುಹುರಿಯ ಒಂದೇ ಮಟ್ಟಕ್ಕೆ ಬಂದು ಅವೇ ಕೋಶಗಳಿಗೆ ಸುದ್ದಿ ಕೊಡುತ್ತವೆ. ಎರಡು ಮನೆಗೆ ಒಂದೇ ಕಾಲಿಂಗ್ ಬೆಲ್ ಇದ್ದ ಹಾಗೆ. ಹೃದಯದಿಂದ ಸುದ್ದಿ ಬರುವುದು ಅಪರೂಪ, ಕೈಯಿಂದ ದಿನವೂ ಬರುತ್ತದೆ. ಮೆದುಳು ಕೈ ಅಂತಲೇ ಅಂದುಕೊಳ್ಳುತ್ತದೆ. ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗದಲ್ಲೂ ಬರಬಹುದು. ಶುಗರ್ ಇರುವವರಲ್ಲಿ ಹೃದಯದ ನರವೂ ಕೆಟ್ಟಿದ್ದರೆ ನೋವೇ ಬರದೆ ಬರೀ ಏದುಸಿರು, ತಣ್ಣನೆ ಬೆವರು, ಸುಸ್ತು ಕಾಣಿಸಬಹುದು. ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ, ಇಸಿಜಿ ಮಾಡಿಸಿ.

ಪ್ರಶ್ನೆ (ಮದ್ದೂರು): ಭಾವನ ಬಲಗೈ ಆಲೆಮನೆ ಗಾಣಕ್ಕೆ ಸಿಕ್ಕಿ ಹೋಯ್ತು. ಈಗಲೂ ಇಲ್ಲದ ಬೆರಳು ನೋಯ್ತಿದೆ, ಮುಷ್ಟಿ ಬಿಗಿದ ಹಾಗಿದೆ ಅಂತ ರಾತ್ರಿ ಅಳ್ತಾರೆ. ಮನೇಲಿ ಕೆಲವರು ತಲೆ ಕೆಟ್ಟಿದೆ ಅಂತಾರೆ. ನಮ್ಗೆ ಏನ್ ಹೇಳ್ಬೇಕೋ ಗೊತ್ತಾಗಲ್ಲ.

ವೈದ್ಯೆ: ಭಾವನಿಗೆ ಮೊದಲು ‘ನಿಮ್ಮ ಮಾತು ನಾವು ನಂಬುತ್ತೇವೆ’ ಅಂತ ಹೇಳಿ. ಅವರ ತಲೆ ಸರಿಯಾಗಿಯೇ ಇದೆ. ಕೈ ಹೋಯಿತು, ಮೆದುಳಿನಲ್ಲಿ ಆ ಕೈಗೆ ಇರುವ ಜಾಗ ಹೋಗಿಲ್ಲ. ಮೆದುಳಿನ ಹೊರಪದರದಲ್ಲಿ ಮೈಯ ಒಂದೊಂದು ಭಾಗಕ್ಕೂ ಒಂದು ಜಾಗ ಇದೆ. ಬೆರಳು, ತುಟಿಗಳಿಗೆ ತುಂಬಾ ದೊಡ್ಡ ಜಾಗ, ಇಡೀ ಬೆನ್ನಿಗೆ ಸಣ್ಣದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೆದುಳಿನ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ ಎಚ್ಚರವಾಗಿದ್ದ ರೋಗಿಗಳ ಮೆದುಳನ್ನು ಸಣ್ಣ ಕರೆಂಟಿನಿಂದ ಮುಟ್ಟಿ ಈ ನಕ್ಷೆ ಬರೆದರು. ಮೆದುಳಿಗೆ ಸ್ವತಃ ನೋವಿನ ತಂತುಗಳಿಲ್ಲ, ಅದಕ್ಕೇ ಎಚ್ಚರವಿದ್ದಾಗಲೇ ಅದು ಸಾಧ್ಯವಾಯಿತು. ಕತ್ತರಿಸಿದ ನರದ ತುದಿಯಲ್ಲಿ ಗಂಟು ಬೆಳೆದು ಅಲ್ಲಿಂದಲೂ ಸುದ್ದಿ ಹೋಗುತ್ತಿರುತ್ತದೆ.

ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿದ ವೈದ್ಯ ಸೈಲಾಸ್ ವಿಯರ್ ಮಿಚೆಲ್ 1871ರಲ್ಲೇ ಇದಕ್ಕೆ ಫ್ಯಾಂಟಮ್ ಲಿಂಬ್, ಅಂದರೆ ಮಾಯಾ ಅಂಗ, ಅಂತ ಹೆಸರಿಟ್ಟರು. ಚೆನ್ನೈನಲ್ಲಿ ಓದಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿಯ ಉಪಾಯ ಮಾಡಿದರು. ಇರುವ ಎಡಗೈಯನ್ನು ಕನ್ನಡಿ ಮುಂದೆ ಇಟ್ಟು, ಅದರ ಬಿಂಬ ಬಲಗೈ ಇರಬೇಕಾದ ಜಾಗದಲ್ಲಿ ಕಾಣುವ ಹಾಗೆ ಕೂರಿಸುತ್ತಾರೆ. ಎಡ ಮುಷ್ಟಿ ನಿಧಾನ ಬಿಚ್ಚಿದಾಗ ಬಲ ಮುಷ್ಟಿ ಬಿಚ್ಚಿದ್ದು ಕಣ್ಣಿಗೆ ಕಾಣುತ್ತದೆ. ಕೆಲವರಿಗೆ ಬಿಗಿತ ಇಳಿಯುತ್ತದೆ, ಎಲ್ಲರಿಗೂ ಅಲ್ಲ. ಜೊತೆಗೆ ಔಷಧಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ಗೋ, ಹತ್ತಿರದ ಮೆಡಿಕಲ್ ಕಾಲೇಜಿನ ನರರೋಗ ವಿಭಾಗಕ್ಕೋ ಕರೆದುಕೊಂಡು ಹೋಗಿ.

ತುಮಕೂರಿನವರು: ಮೇಡಂ, ಅಪ್ಪ ಒಪ್ಪಿದ್ರು. ನಿಮ್ಮ ಉತ್ತರ ಓದಿಸಿದ್ವಿ. ಈಗ ಹೊರಡ್ತಾ ಇದೀವಿ. ಯಾವ ಡಾಕ್ಟ್ರು, ಏನು ಕೇಳ್ಬೇಕು?

ವೈದ್ಯೆ: ತುಂಬಾ ಸಮಾಧಾನ ಆಯಿತು. ಶುಗರ್ ನೋಡುವ ಫಿಸಿಷಿಯನ್ ಅಥವಾ ಸರ್ಜನ್ ಸಾಕು, ಮೊದಲು ನರದ ಡಾಕ್ಟರೇ ಬೇಕು ಅಂತಿಲ್ಲ. ಡಯಾಬಿಟಿಕ್ ಫುಟ್ ಕ್ಲಿನಿಕ್ ಇದ್ದರೆ ಅಲ್ಲಿಗೇ ಹೋಗಿ. ಎರಡೂ ಚಪ್ಪಲಿ ಬಿಚ್ಚಿಸಿ ಪಾದ ತೋರಿಸಿ. ಮೂರು ವಿಷಯ ಕೇಳಿ: 10 ಗ್ರಾಂ ಮೊನೊಫಿಲಮೆಂಟ್ ಅಂದರೆ ಆ ನೈಲಾನ್ ಎಳೆ ಒತ್ತಿ ನೋಡುವ ಪರೀಕ್ಷೆ, 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್, ಮತ್ತು ಕಾಲಿನ ನಾಡಿ. ಟೆಟನಸ್ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಅವರೇ ಕೇಳುತ್ತಾರೆ, ನೆನಪು ಮಾಡಿಕೊಂಡು ಹೋಗಿ. ಶುಗರ್ ರಿಪೋರ್ಟ್ ಮತ್ತು ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ.

ಬೊಬ್ಬೆಯ ಸುತ್ತ ಕೆಂಪಾಗಿ ಹರಡುತ್ತಿದ್ದರೆ, ಕೀವು ಅಥವಾ ವಾಸನೆ ಇದ್ದರೆ, ಚರ್ಮ ಕಪ್ಪಾಗಿದ್ದರೆ, ಜ್ವರ ಬಂದಿದ್ದರೆ ಕ್ಲಿನಿಕ್ ಬೇಡ, ನೇರ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ. ಕಾರಿನಿಂದ ಒಳಗೆ ಹೋಗಲು ವೀಲ್‌ಚೇರ್ ಕೇಳಿ. ಅಪ್ಪ ನಡೆಯುತ್ತೇನೆ ಅಂತಾರೆ, ಬಿಡಬೇಡಿ.